ಫೋನಿನೊಳಗಿನ ಅರವತ್ತು ಮನೆ

ಶಹಾಪುರದಲ್ಲಿ ಯಾರ ಮನೆಯ ಗೋಡೆಯ ಮೇಲಾದರೂ ಒಂದು ಬಿಳಿ ಕ್ಯಾಮೆರಾ ಕಂಡರೆ, ಅದನ್ನು ಅಲ್ಲಿ ಕೂರಿಸಿದವನು ಮೈನುದ್ದೀನ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಬೇರೆಯವರು ಇಲ್ಲವೆಂದಲ್ಲ. ಇದ್ದಾರೆ, ಆದರೆ ಅವರು ಹಾಕಿದ ಕ್ಯಾಮೆರಾ ಒಂದು ಮಳೆಗಾಲ ದಾಟುವುದಿಲ್ಲ, ದಾಟದಿದ್ದಾಗ ಫೋನು ಮಾಡಿದರೆ ಆ ಪುಣ್ಯಾತ್ಮರು ಎತ್ತುವುದೂ ಇಲ್ಲ. ಮೈನುದ್ದೀನ ಹಾಗಲ್ಲ. ಊಟದ ತಟ್ಟೆಯ ಮುಂದೆ ಕೂತಿದ್ದರೂ ಎಡಗೈಯಲ್ಲಿ ಫೋನು ಎತ್ತುತ್ತಾನೆ. ಗೋಗಿಯಿಂದ ಸುರಪುರದವರೆಗೆ ಅವನ ಬೈಕು ನಿಲ್ಲದ ಊರಿಲ್ಲ.

ವಯಸ್ಸು ನಲವತ್ತೆಂಟು. ಚಡ್ಡಿ ಹಾಕುವ ಕಾಲಕ್ಕೆ ರೇಡಿಯೊ ಬಿಚ್ಚಿ ಜೋಡಿಸಿದ. ಮೀಸೆ ಮೂಡಿದ ಮೇಲೆ ಮಂದಿಯ ಮಾಳಿಗೆ ಹತ್ತಿ ಟಿವಿಯ ಆಂಟೆನಾ ತಿರುಗಿಸಿದ. ಮೇಲಿಂದ ಇವನು "ಬಂತೇನ್ರಿ?" ಅನ್ನಬೇಕು, ಒಳಗಿಂದ ಯಾರೋ "ಬರೇ ಹುಳಾ ಬರಾಕತ್ತಾವ" ಅನ್ನಬೇಕು. ಹೀಗೆ ಹತ್ತು ವರ್ಷ. ಆಮೇಲೆ ಡಿಶ್ ಬಂತು, ಆಂಟೆನಾಗಳು ಗುಜರಿ ಸೇರಿದವು. ಡಿಶ್ ಕೇಳುವವರೂ ಕಮ್ಮಿಯಾದಾಗ ಕ್ಯಾಮೆರಾ ಕಲಿತ. ಕಲಿಸುವ ಗುರು ಯಾರೂ ಇರಲಿಲ್ಲ. ಮೊದಲನೆಯ ಕ್ಯಾಮೆರಾ ಹಾಳು ಮಾಡಿದ, ಎರಡನೆಯದನ್ನು ನಡೆಸಿದ.

ಈ ಕಸುಬಿನಲ್ಲಿ ಅವನ ತಲೆ ತಿನ್ನುತ್ತಿದ್ದದ್ದು ತಂತಿಯಲ್ಲ, ಮೊಳೆಯಲ್ಲ. ಜೂಮ್. ಕ್ಯಾಮೆರಾ ಹಾಕಿಸಿಕೊಂಡವರು ಮೊದಲ ದಿನವೇ ಫೋನಿನ ಮೇಲೆ ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿ, ಎಲ್ಲ ಚೌಕಚೌಕವಾಗಿ ಕಂಡಾಗ "ಏನ್ ಮಾಲ್ ಹಾಕಿಯೋ ಮಾರಾಯಾ" ಎಂದು ಇವನ ಮೇಲೆ ಬೀಳುತ್ತಿದ್ದರು. "ಬೆರಳಿಂದ ಹಿಗ್ಗಿಸಿದ್ರ ಚಿತ್ರ ಹಿಗ್ಗತದ್ರಿ, ಕ್ಯಾಮೆರಾದ ಕಣ್ಣು ಹಿಗ್ಗಂಗಿಲ್ಲ. ಕಣ್ಣು ಸರೀಬೇಕಂದ್ರ ಈ ಗುಂಡಿ ಒತ್ತಬೇಕು, ಅಲ್ಲಿ ಮ್ಯಾಗ ಮೋಟರ್ ತಿರಗತದ. ಆದ್ರ ಕಣ್ಣು ಎಲ್ಲಿ ನೋಡತದೋ ಅಷ್ಟ ಮಾತ್ರ ತುಂಬಿಕೋತದ, ಉಳಿದದ್ದು ಹೋತು" ಎಂದು ಇವನು ಮನೆಮನೆಯಲ್ಲೂ ಅದೇ ಪುರಾಣ ಓದುತ್ತಿದ್ದ.

ಇನ್ನೊಂದು ಪೀಡೆ 'ದೂರ' ಎಂಬ ಮಾತಿನದು. ಗಿರಾಕಿ ಫೋನು ಮಾಡಿ "ಸ್ವಲ್ಪ ದೂರ ಮಾಡ್ರಿ" ಅನ್ನುತ್ತಾರೆ. ಏನು ಮಾಡಬೇಕು ಹೇಳಿ. ಕೆಲವರಿಗೆ ದೂರ ಅಂದರೆ ಎಲ್ಲವೂ ಹಿಂದೆ ಸರಿದು, ಸಣ್ಣಗಾಗಿ, ಅಂಗಳವಿಡೀ ಕಾಣುವುದು. ಮತ್ತೆ ಕೆಲವರಿಗೆ ದೂರ ಅಂದರೆ ಅಂಗಳ ಬಿಟ್ಟು ದೂರದ ರಸ್ತೆ ಕಾಣುವುದು. ಒಂದು ಮಾತು, ಎರಡು ದಿಕ್ಕು. ಮೈನುದ್ದೀನನ ತಲೆಯಲ್ಲಿ ಮಾತ್ರ ದೂರ ಅಂದರೆ ದೂರದ್ದು ಕಾಣುವುದೇ. ಉಳಿದವರು ಮೂರ್ಖರೆಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಪಾಸ್‌ವರ್ಡ್ ನೆನಪಿಡುವ ಜಾತಿ ನಮ್ಮ ಕಡೆಯದಲ್ಲ. "ನೀನ ಇಟ್ಕೋ ಮೈನುದ್ದೀನಣ್ಣ, ನಮಗ ಬೇಕಾದಾಗ ಕೇಳತೀವಿ" ಎಂದು ಗಂಡಸರು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಹಾಗೆ ಅರವತ್ತು ಮನೆಯ ಅಂಗಳಗಳು ಇವನ ಫೋನಿನಲ್ಲಿ ಬಂದು ಕೂತಿದ್ದವು. ಆ ಅಂಗಳದಲ್ಲಿ ದಿನವಿಡೀ ಓಡಾಡುವ ಹೆಂಗಸರಿಗೆ ಈ ಸುದ್ದಿ ಯಾರೂ ಹೇಳಿರಲಿಲ್ಲ. ಮೈನುದ್ದೀನ ಮಾತ್ರ, ಅವರೇ ಕರೆದು ಹೇಳದ ಹೊರತು, ಒಂದನ್ನೂ ತೆರೆದು ನೋಡಿದವನಲ್ಲ. ಇದು ತಾಯಿಯ ಕಟ್ಟುನಿಟ್ಟು.

ತಾಯಿ ಹುಸೇನಬಿ ಬಳೆ ಮಾರುವವಳು. ಗಂಡ ಬೇಗ ಹೋದ. ಬಳೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಗರ, ಗೋಗಿ, ಶಿರವಾಳ ಎಂದು ಬರಿಗಾಲಲ್ಲಿ ತಿರುಗಿ ಈ ಒಬ್ಬ ಮಗನನ್ನು ಸಾಕಿದಳು. ಗಂಡಸರ ನೆರಳೂ ಬೀಳದ ಒಳಮನೆಗೆ ಅವಳು ಸಲೀಸಾಗಿ ಹೋಗುತ್ತಿದ್ದಳು, ಬಸುರಿಯ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದಳು, ಅಲ್ಲಿ ಕಂಡದ್ದನ್ನು ಹೊರಗೆ ಬಂದು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಮಗ ಕ್ಯಾಮೆರಾ ಕಸುಬು ಹಿಡಿದಾಗ ಅವಳು ಹೇಳಿದ್ದು ಒಂದೇ ಮಾತು: "ಬೇಟಾ, ಹೆಣ್ಣಮಕ್ಕಳು ಇರೂ ಅಂಗಳ, ಕರೀಲಾರ್ದ ಕಣ್ಣ ಹಾಕಬ್ಯಾಡ."

ಈಗ ಎಪ್ಪತ್ತೈದು ದಾಟಿದ ಹುಸೇನಬಿಗೆ ಮೂರು ವರ್ಷದಿಂದ ಮರೆವು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು. ಆಮೇಲೆ ಸೊಸೆ ನಜೀಮಾಳನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆಯುವುದು. ಆಮೇಲೆ ಎದ್ದು ಹೊರಟುಬಿಡುವುದು. ಬಾಗಿಲಿಗೆ ಚಿಲಕ ಹಾಕಿದರೆ ಹಣೆ ಒಡೆದು ರಕ್ತ ಬರುವಂತೆ ಬಾಗಿಲಿಗೆ ಬಡಿದುಕೊಳ್ಳುತ್ತಿದ್ದಳು. ಒಂದು ಸಲ ಆ ರಕ್ತ ನೋಡಿದ ಮೇಲೆ ಮೈನುದ್ದೀನ ಚಿಲಕವನ್ನೇ ಕಿತ್ತು ಹಾಕಿದ, ತನ್ನ ಮನೆಯ ಮುಂದೆಯೇ ಒಂದು ಕ್ಯಾಮೆರಾ ಹಾಕಿದ. ಯಾರಾದರೂ ಹೊಸ್ತಿಲು ದಾಟಿದರೆ ನಜೀಮಾಳ ಫೋನು ಗಂಟೆ ಬಾರಿಸುತ್ತದೆ, ಅವಳು ಓಡಿಬಂದು ಅತ್ತೆಯ ಕೈ ಹಿಡಿಯುತ್ತಾಳೆ. ಎಲ್ಲರ ಹೆಸರು ಅಳಿಸಿಹೋದರೂ ಮಗ ಬಂದಾಗ "ಮೈನೂ ಬಂದಾ" ಅನ್ನುವುದೊಂದು ಅವಳಲ್ಲಿ ಉಳಿದಿತ್ತು. ಆ ಒಂದು ಮಾತಿಗಾಗಿ ಮೈನುದ್ದೀನ ದಿನವೂ ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದ.

ಅದು ಫೆಬ್ರವರಿ ಕೊನೆಯ ಒಂದು ಮಂಗಳವಾರ. ಬಿಸಿಲು ಆಗಲೇ ಚುರುಕಾಗಿತ್ತು. ಮೈನುದ್ದೀನ ಸುರಪುರದಲ್ಲಿ ಒಬ್ಬ ಡಾಕ್ಟರರ ಮನೆಯ ಗೋಡೆಗೆ ಏಣಿ ಹಾಕಿ, ಬಾಯಲ್ಲಿ ಮೂರು ಸ್ಕ್ರೂ ಕಚ್ಚಿಕೊಂಡು ನಿಂತಿದ್ದ. ಹನ್ನೊಂದಕ್ಕೆ ನಜೀಮಾಳ ಫೋನು. ಎದುರು ಮನೆಯ ದುರಗಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಅಂಗಳದ ತಟ್ಟಿಯ ಮರೆಯಲ್ಲಿ ಅವಳಿಗೆ ನೀರು ಹಾಕುತ್ತಾರೆ, ತಟ್ಟಿಗಿಂತ ನಮ್ಮ ಕ್ಯಾಮೆರಾ ಎತ್ತರದಲ್ಲಿದೆ. ಮನೆಮಾತು ದಖನಿ. ಕನ್ನಡಕ್ಕೆ ತಂದರೆ ಅವಳು ಹೇಳಿದ್ದು ಇಷ್ಟು:

"ದುರಗಮ್ಮ ಬಂದಿದ್ದಳ್ರಿ. ಕ್ಯಾಮೆರಾ ದೂರ ಮಾಡಂತ ಹೇಳು ಅಂದಳು. ಮಾಡಿಬಿಡ್ರಿ, ಅಕಿ ಅನ್ನೂದ್ರಾಗ ತಪ್ಪಿಲ್ಲ."

ಅವನು ಏಣಿಯ ಮೇಲೆಯೇ ಫೋನಿನ ಗುಂಡಿ ಒತ್ತಿದ. ಇಪ್ಪತ್ತೈದು ಕಿಲೋಮೀಟರ್ ಆಚೆ ಅವನ ಮನೆಯ ಗೋಡೆಯ ಮೇಲೆ ಮೋಟರ್ ತಿರುಗಿತು. ದುರಗಮ್ಮನ ಅಂಗಳ ಪಕ್ಕಕ್ಕೆ ಜಾರಿ, ಓಣಿಯ ಕೊನೆಯ ಹಿಟ್ಟಿನ ಗಿರಣಿ ಕಣ್ಣಿಗೆ ಬಂತು. "ದೂರ ಆತು" ಅಂದ. "ಆತು" ಅಂದಳು. ಇಬ್ಬರೂ ಫೋನು ಇಟ್ಟರು. ಅವಳು ಅಂದುಕೊಂಡದ್ದು: ಎಲ್ಲ ಸಣ್ಣಗಾಗಿದೆ, ಬಾಣಂತಿ ಬೆರಳುದ್ದ ಆಗಿದ್ದಾಳೆ, ನಮ್ಮ ಹೊಸ್ತಿಲು ಎಲ್ಲಿದ್ದದ್ದು ಅಲ್ಲೇ ಇದೆ. ಅವನು ತನ್ನ ಹೊಸ್ತಿಲನ್ನು ನೆನೆಯಲೇ ಇಲ್ಲ. ಅರವತ್ತು ಮನೆಗೆ ಪಾಠ ಹೇಳಿದ ಮನುಷ್ಯ ತನ್ನ ಮನೆಗೆ ಬಂದಾಗ ಪಾಠ ಮರೆತ.

ನಜೀಮಾ ರೊಟ್ಟಿ ಬಡಿದಳು, ನಮಾಜು ಮಾಡಿದಳು. ಫೋನು ತೊಡೆಯ ಪಕ್ಕದಲ್ಲೇ ಇತ್ತು, ಒಮ್ಮೆಯೂ ಗಂಟೆ ಬಾರಿಸಲಿಲ್ಲ. ಒಂದೂವರೆಗೆ ಅತ್ತೆಗೆ ಉಣಿಸಲು ತಟ್ಟೆ ಹಿಡಿದು ಹೋದರೆ ಹಾಸಿಗೆ ಖಾಲಿ, ಚಪ್ಪಲಿ ಗೋಡೆಯ ಬುಡದಲ್ಲಿ ಜೋಡಿಸಿಟ್ಟದ್ದು ಹಾಗೇ ಇತ್ತು.

"ಅಮ್ಮಾ ಇಲ್ರಿ" ಎಂದು ಅವಳು ಫೋನಿನಲ್ಲಿ ಹೇಳಿದಾಗ ಮೈನುದ್ದೀನ ಹನ್ನೊಂದರಿಂದ ಆಚೆಗಿನ ಚಿತ್ರವನ್ನೆಲ್ಲ ಓಡಿಸಿ ನೋಡಿದ. ಗಿರಣಿ. ಗಿರಣಿಯ ಮುಂದೆ ನಾಯಿ. ಕೊಡ ಮಾರುವವನು ಬಂದ, ಹೋದ. ಮತ್ತೆ ಗಿರಣಿ. ಎರಡೂವರೆ ತಾಸು ಅವನ ಸ್ವಂತ ಕ್ಯಾಮೆರಾ ಮಂದಿಯ ಗಿರಣಿ ಕಾದಿತ್ತು.

"ದೂರ ಅಂದ್ರ ಎಲ್ಲಾ ಕಾಣಬೇಕಲ್ರಿ" ಎಂದು ನಜೀಮಾ ಅಳತೊಡಗಿದಳು.

"ದೂರ ಅಂದ್ರ ದೂರದ್ದು ಕಾಣೂದು. ಎಷ್ಟ ಸಲ ಹೇಳೇನಿ ನಿನಗ" ಎಂದು ಅವನು ಗದರಿದ. ಗದರಿದ ಕೂಡಲೇ ನಾಚಿಕೆಯಾಯಿತು. ತಪ್ಪು ಅವಳದಲ್ಲ. ಗುಂಡಿ ಒತ್ತಿದ ಬೆರಳು ಅವನದು.

ಏಣಿ ಡಾಕ್ಟರರ ಗೋಡೆಗೇ ಒರಗಿ ನಿಂತಿತು. ಬೈಕು ಹೇಗೆ ಶಹಾಪುರ ಮುಟ್ಟಿತೋ ಅವನಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ಒಂದೇ ಲೆಕ್ಕ ತಲೆಯಲ್ಲಿ: ಗಿರಣಿಯ ಮುಂದೆ ಅಮ್ಮ ಹಾಯ್ದಿಲ್ಲ. ಹಾಯ್ದಿದ್ದರೆ ಕಾಣುತ್ತಿದ್ದಳು. ಅಂದಮೇಲೆ ಓಣಿಯ ಇನ್ನೊಂದು ಬಾಯಿಂದ ಹೋಗಿದ್ದಾಳೆ, ಆ ಬಾಯಿ ತೆರೆಯುವುದು ಆಟೊ ಸ್ಟ್ಯಾಂಡಿಗೆ. ತಪ್ಪು ಮಾಡಿದ ಕ್ಯಾಮೆರಾ ಅವನಿಗೆ ಕೊಟ್ಟದ್ದು ಇಷ್ಟು ಮಾತ್ರ.

ಸ್ಟ್ಯಾಂಡಿನಲ್ಲಿ ಶೇರ್ ಆಟೊದ ಮಸ್ತಾನಸಾಬ ಬೀಡಿ ಹಚ್ಚಿಕೊಂಡು ಕೂತಿದ್ದ.

"ಬಿಳಿ ಓಢಣಿ, ಕಾಲಾಗ ಚಪ್ಪಲಿಲ್ಲ, ಹೌದಲ್ಲ? ಸಗರದ ಆಟೊದಾಗ ಹತ್ತಿದ್ಳು ಭಾಯ್. ಮದುವಿ ಮಂದಿ ತುಂಬಿದ್ರು, ಅವರ ಪೈಕಿ ಅಂತ ತಿಳದೆ. ಎರಡ ತಾಸಾತು."

"ಎಲ್ಲಿ ಇಳದಾಳ?"

"ಅದು ಆ ಡ್ರೈವರಿಗೇ ಗೊತ್ತು. ಅವ ಫೋನ ಎತ್ತವಲ್ಲ" ಎಂದ ಮಸ್ತಾನಸಾಬ, ಬೀಡಿ ಎಸೆದು ಆಟೊ ಚಾಲೂ ಮಾಡಿದ. "ಹತ್ರಿ. ಬೈಕ್ ಬಿಡ್ರಿ, ನೀವ ಒಂದ್ ಕಡಿ ನೋಡ್ರಿ, ನಾ ಒಂದ್ ಕಡಿ ನೋಡತೀನಿ."

ಸಗರದ ದಾರಿಯಲ್ಲಿ ಎಡಕ್ಕೊಬ್ಬ ಬಲಕ್ಕೊಬ್ಬ ನೋಡುತ್ತ ಹೊರಟರು. ಹತ್ತಿ ಕಿತ್ತ ಹೊಲಗಳು, ಜಾಲಿ ಗಿಡ, ಜಾಲಿಯ ಹಿಂದೆ ನೀರು ಬಿಟ್ಟ ಕಾಲುವೆ. ಕಾಲುವೆ ಕಂಡದ್ದೇ ಮೈನುದ್ದೀನ ಸೀಟಿನ ತುದಿಗೆ ಸರಿದ. ಎರಡು ತಾಸು. ಮುದುಕಿ. ನೀರಡಿಸಿದ ಮುದುಕಿ ನೀರು ಕಂಡರೆ ಏನು ಮಾಡುತ್ತಾಳೆ? ಅವನು ಫೋನು ತೆಗೆದ. ಈ ದಾರಿಯ ಮೇಲೆ ಅವನು ಕ್ಯಾಮೆರಾ ಹಾಕಿದ ಮನೆ ಏಳಿದ್ದವು.

ಕೇಳಿ ತೆರೆಯುವಷ್ಟು ಹೊತ್ತಿರಲಿಲ್ಲ. ಒಂದೊಂದೇ ತೆರೆದ.

ಮೊದಲನೆಯ ಅಂಗಳದಲ್ಲಿ ಅತ್ತೆ ಸೊಸೆ ಜೋಳ ಹಸನು ಮಾಡುತ್ತಿದ್ದರು. ಎರಡನೆಯದರಲ್ಲಿ ಊರೇ ಕೈಮುಗಿಯುವ ನಿವೃತ್ತ ಮಾಸ್ತರರು ಕಟ್ಟೆಯ ಮೇಲೆ ಒಬ್ಬರೇ ಕೂತು, ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಏನು ಕಷ್ಟವೋ. ಮೂರನೆಯದರಲ್ಲಿ ಸೊಸೆಯೊಬ್ಬಳು ತಲೆಗೆ ಎರೆದುಕೊಂಡು, ಬರೀ ಲಂಗ ಎದೆಗೇರಿಸಿ ಬಿಸಿಲಲ್ಲಿ ಕೂದಲು ಒಣಗಿಸುತ್ತಿದ್ದಳು. ಮೈನುದ್ದೀನ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. ಆ ಅಂಗಳದ ಮೂಲೆಯಲ್ಲಿ ಒಂದು ನೀರಿನ ತೊಟ್ಟಿಯಿದೆ, ತೊಟ್ಟಿಯ ಹಿಂದೆ ನೆರಳಿದೆ, ಅದು ಅವನಿಗೆ ಗೊತ್ತು. ಅಮ್ಮ ಆ ನೆರಳಲ್ಲಿ ಬಿದ್ದಿದ್ದರೆ? ಅವನು ಫೋನು ಮತ್ತೆ ತಿರುಗಿಸಿದ. ಅವಳನ್ನು ದಾಟಿ ಮೂಲೆ ನೋಡಿದ. ಯಾರೂ ಇರಲಿಲ್ಲ. ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು ಅವನಿಗೆ, ಆದರೂ ನಾಲ್ಕನೆಯದನ್ನು ತೆರೆದ.

ಅದು ಹುಲಗಪ್ಪ ಕಳ್ಳರ ಭಯಕ್ಕೆ ಕ್ಯಾಮೆರಾ ಹಾಕಿಸಿದ್ದ ಕುರಿಹಟ್ಟಿ. ಹುಲಗಪ್ಪ ಕುರಿ ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗಿದ್ದ. ಹಟ್ಟಿಯ ಗುಡಿಸಲಲ್ಲಿ ಮರಿಗಳ ಜೊತೆ ಹೆಂಡತಿ ಗುರುಲಿಂಗಮ್ಮ ಒಬ್ಬಳೇ. ಮುಳ್ಳಿನ ಬೇಲಿಯ ಆಚೆ ಕಾಲುವೆಯ ಒಡ್ಡು. ಒಡ್ಡಿನ ಮೇಲೆ ಏನೋ ಬೆಳ್ಳಗೆ ಇತ್ತು.

ಅವನು ಎರಡು ಬೆರಳಿಟ್ಟು ಹಿಗ್ಗಿಸಿದ. ಬಿಳಿಯದು ನಾಲ್ಕು ಚೌಕವಾಯಿತು. ಇನ್ನೂ ಹಿಗ್ಗಿಸಿದ. ಎರಡು ಚೌಕವಾಯಿತು. ಗೊಬ್ಬರದ ಖಾಲಿ ಚೀಲವಿರಬಹುದು, ಒಣ ಹಾಕಿದ ಪಂಚೆಯಿರಬಹುದು, ಅಮ್ಮನಿರಬಹುದು. ಹಿಗ್ಗಿಸುತ್ತಲೇ ಇದ್ದ. ಆಮೇಲೆ ಗುಂಡಿಯ ನೆನಪಾಗಿ ಒತ್ತಿದ. ನೆಟ್‌ವರ್ಕಿನ ಒಂದೇ ಗೆರೆ. ಪರದೆಯ ಮೇಲೆ ಉಂಗುರ ತಿರುಗಿತು, ತಿರುಗಿತು. "ಯಾ ಅಲ್ಲಾ, ನಡಿ" ಅಂದ. ಗಾಬರಿಯಲ್ಲಿ ನಾಲ್ಕೈದು ಸಲ ಒತ್ತಿಬಿಟ್ಟ. ಮೋಟರ್ ಅಷ್ಟನ್ನೂ ಒಟ್ಟಿಗೇ ಕೇಳಿಸಿಕೊಂಡು ಒಡ್ಡನ್ನು ದಾಟಿ ಹೋಗಿ ನಿಂತಿತು. ಪರದೆಯ ತುಂಬ ಬರೀ ನೀರು. ಕೆಂಪು ನೀರು, ವೇಗವಾಗಿ ಹರಿಯುವ ನೀರು.

ಅವನು ಹಿಂದಕ್ಕೆ ಒತ್ತಿದ. ಒಂದು ಸಲ, ಕಾದು, ಮತ್ತೊಂದು ಸಲ. ಚಿತ್ರ ಮಬ್ಬಾಗಿ ತಿಳಿಯಾಯಿತು. ಬಿಳಿ ಓಢಣಿ. ಬಾಗಿದ ಬೆನ್ನು. ಕಾಲು ಎರಡೂ ನೀರಿನಲ್ಲಿ.

ಅವನು ಹಟ್ಟಿಯ ನಂಬರಿಗೆ ಫೋನು ಹಚ್ಚಿದ. ಗುರುಲಿಂಗಮ್ಮ ಎತ್ತಿದಳು.

"ಅಕ್ಕಾ, ನಾ ಮೈನುದ್ದೀನ. ನಿಮ್ಮ ಹಟ್ಟಿ ಹಿಂದ ಕಾಲುವಿ ಒಡ್ಡಿನ ಮ್ಯಾಗ ನಮ್ಮಮ್ಮ ಕುಂತಾಳ. ನೀರಾಗ ಕಾಲ ಬಿಟ್ಟಾಳ. ಓಡ್ರಿ."

"ನೀ ಎಲ್ಲಿದ್ದಿ?"

"ದಾರ್ಯಾಗ, ಆಟೊದಾಗ."

"ಮತ್ತ ನಮ್ಮ ಹಟ್ಟಿ ಹಿಂದ ಕುಂತಾಕಿ ನಿನಗ ಹ್ಯಾಂಗ ಕಾಣತಾಳ?"

ಸುಳ್ಳು ಹೇಳಲು ಅವನಿಗೆ ಅರೆಗಳಿಗೆಯೂ ಇರಲಿಲ್ಲ. "ನನ್ನ ಫೋನಿನ್ಯಾಗ ಕಾಣತದ ಅಕ್ಕಾ. ನಿಮ್ಮ ಯಜಮಾನ್ರು ಇಟ್ಕೋ ಅಂದಿದ್ರು. ಆಮ್ಯಾಲ ಬೇಕಾದಂಗ ಬೈರಿ. ಈಗ ಓಡ್ರಿ, ನಿಮ್ಮ ಕಾಲ ಬೀಳತೀನಿ."

ಫೋನು ಕಟ್ಟಾಯಿತು. ಮೈನುದ್ದೀನ ಪರದೆ ನೋಡುತ್ತ ಕೂತ. ಬಿಳಿ ಓಢಣಿ ಮುಂದಕ್ಕೆ ಬಾಗಿತು. ಎದ್ದಿತು. ನೀರಿನೊಳಕ್ಕೆ ಒಂದು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಚಿತ್ರದ ಅಂಚಿನಿಂದ ಗುರುಲಿಂಗಮ್ಮ ನುಗ್ಗಿದಳು, ಸೀರೆ ಎತ್ತಿ ಕಟ್ಟಿ ಓಡುತ್ತಿದ್ದಳು. ಅಲ್ಲಿಗೆ ಚಿತ್ರ ನಿಂತುಹೋಯಿತು. ಒಡ್ಡಿನ ಮೇಲೆ ಗುರುಲಿಂಗಮ್ಮನ ಒಂದು ಕಾಲು ಗಾಳಿಯಲ್ಲಿ, ನೀರಿನ ಹತ್ತಿರ ಬಿಳಿಯದೊಂದು ಗೀಟು. ಗೆರೆ ಇಲ್ಲ, ನೆಟ್‌ವರ್ಕ್ ಇಲ್ಲ. ಫೋನು ಹತ್ತಲಿಲ್ಲ.

"ಏನಾತು ಭಾಯ್?" ಎಂದ ಮಸ್ತಾನಸಾಬ.

"ಹೊಡಿ. ಸುಮ್ಮನ ಹೊಡಿ."

ಕಾಲು ತಾಸಿನ ದಾರಿ. ಆ ನಿಂತ ಚಿತ್ರವನ್ನು ಅವನು ಕೈಯಲ್ಲಿ ಹಿಡಿದೇ ಇದ್ದ. ಆಟೊ ಕುಲುಕಿದಾಗೆಲ್ಲ ಚಿತ್ರ ಅಲುಗಿತೇನೋ ಎಂದು ಆಸೆಯಿಂದ ನೋಡುತ್ತಿದ್ದ. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಕಸುಬಿನ ಮೇಲೆ ಹೇಸಿಗೆ ಬಂತು. ತಾಯಿ ಸಾಯುವುದನ್ನು ಮಗನಿಗೆ ತೋರಿಸಬಲ್ಲ ಯಂತ್ರ, ಅವಳ ಕೈ ಹಿಡಿಯಲಾರದ ಯಂತ್ರ. ಥೂ, ಇದೂ ಒಂದು ಬಾಳೇ ಅಂದುಕೊಂಡ. ಬೆಳಿಗ್ಗೆ ಹೊರಡುವಾಗ ಅಮ್ಮನಿಗೆ ಸರಿಯಾಗಿ ಹೇಳಿ ಹೊರಟಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

ಹಟ್ಟಿಯ ಮುಂದೆ ಆಟೊ ನಿಲ್ಲುವುದರೊಳಗೆ ಹಾರಿ ಓಡಿದ.

ಹುಸೇನಬಿ ಬದುಕಿದ್ದಳು. ಗುಡಿಸಲ ಮುಂದೆ ಕಂಬಳಿಯ ಮೇಲೆ ಕೂತಿದ್ದಳು. ಸೊಂಟದವರೆಗೆ ಒದ್ದೆ, ಮೈಮೇಲೆ ಗುರುಲಿಂಗಮ್ಮನ ಒಣ ಸೀರೆ ಸುತ್ತಿತ್ತು. ಗುರುಲಿಂಗಮ್ಮನ ಮೊಣಕೈ ತರಚಿ ರಕ್ತ ಬಂದಿತ್ತು.

"ನಡುಮಟ ಇಳದಿದ್ಳು" ಎಂದಳು ಗುರುಲಿಂಗಮ್ಮ, ಅವನ ಮುಖ ನೋಡದೆ. "ನನ್ನ ಕಂಡು 'ಬಳಿ ಹಾಕಿಸ್ಕೋತಿಯೇನವ್ವಾ' ಅಂದ್ಳು. ರಟ್ಟಿ ಹಿಡದು ಎಳಕೊಂಡ ಬಂದೆ."

"ಅಮ್ಮಾ" ಎಂದು ಮೈನುದ್ದೀನ ಕುಸಿದು ಕೂತ, ಅವಳ ಕಾಲಿಗೆ ಕೈ ಚಾಚಿದ.

ಹುಸೇನಬಿ ಕಾಲು ಸರ್ರನೆ ಹಿಂದಕ್ಕೆಳೆದುಕೊಂಡಳು. ಒದ್ದೆ ಓಢಣಿಯನ್ನು ಹಣೆಯಿಂದ ಗಲ್ಲದವರೆಗೆ ಇಳಿಬಿಟ್ಟು, ಗುರುಲಿಂಗಮ್ಮನ ಬೆನ್ನ ಹಿಂದೆ ಸರಿದಳು. ಪರಗಂಡಸರ ಮುಂದೆ ಅವಳು ಅರವತ್ತು ವರ್ಷ ಮಾಡಿದ್ದು ಇದನ್ನೇ.

"ಯಾರವ್ವಾ ಈ ಗಂಡಸು?" ಎಂದಳು ಸಣ್ಣ ದನಿಯಲ್ಲಿ. "ಹ್ಯಾಂಗ ಕಣ್ಣ ಬಿಟ್ಟು ನೋಡಾಕತ್ತಾನ ನೋಡು. ಕಳಸವ್ವಾ ಅವನ್ನ."

"ನಾ ಮೈನೂ ಅಮ್ಮಾ. ನಿನ್ನ ಮೈನೂ."

"ನಮ್ಮ ಮೈನೂಗ ಇನ್ನಾ ಮೀಸಿ ಬಂದಿಲ್ಲ" ಎಂದಳು ಹುಸೇನಬಿ. "ಇವ ಯಾರೋ ಸುಳ್ಳ ಹೇಳತಾನ."

ಗುರುಲಿಂಗಮ್ಮ ಆಗ ಮೊದಲ ಸಲ ಅವನನ್ನು ನೋಡಿದಳು. ಬೈಯಲು ಕೂಡಿಟ್ಟಿದ್ದ ಮಾತು ಅವಳ ಬಾಯಲ್ಲಿ ಅರ್ಧಕ್ಕರ್ಧ ಕರಗಿತು, ಪೂರ್ತಿ ಕರಗಲಿಲ್ಲ. "ಆ ಕ್ಯಾಮೆರಾ ನಾಳಿ ಬಂದು ಬಿಚ್ಕೊಂಡ ಹೋಗು ತಮ್ಮಾ" ಎಂದಳು ಮೆಲ್ಲಗೆ. "ಕುರಿ ಹೋದ್ರ ಹೋಗಲಿ. ಹೆಂಗಸು ನಾ ಇಲ್ಲಿ ಒಬ್ಬಾಕಿ ಇರತೀನಿ."

"ಬಿಚ್ತೀನಿ ಅಕ್ಕಾ" ಎಂದ. ಎದ್ದು, ಇಬ್ಬರಿಗೂ ಬೆನ್ನು ಮಾಡಿ, ಬೇಲಿಯ ಕಡೆ ಮುಖ ಹಾಕಿ ನಿಂತ. "ಹುಸೇನಬಿಯವರ ಮಗ ಮೈನೂ ಆಟೊ ಕಳಿಸ್ಯಾನ ಅಂತ ಹೇಳ್ರಿ ಅಕ್ಕಾ. ಮನಿಗಿ ಕರಕೊಂಡ ಬಾ ಅಂದಾನ ಅಂತ ಹೇಳ್ರಿ."

"ಮೈನೂ ಕಳಿಸ್ಯಾನ?" ಎಂದು ಹಿಂದಿನಿಂದ ಅಮ್ಮನ ದನಿ ಅರಳಿದ್ದು ಕೇಳಿಸಿತು. ಆ ಮಾತಿಗೆ ಅವಳು ಎದ್ದಳು. ಗುರುಲಿಂಗಮ್ಮನ ಕೈ ಹಿಡಿದು ಬಂದು ಆಟೊದ ಹಿಂದಿನ ಸೀಟಿನಲ್ಲಿ ಕೂತಳು. ಮೈನುದ್ದೀನ ಮುಂದೆ, ಮಸ್ತಾನಸಾಬನ ಪಕ್ಕದಲ್ಲಿ ಅರ್ಧ ಸೀಟಿಗೆ ಅಂಟಿಕೊಂಡ. ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಅವನು ಕನ್ನಡಿ ನೋಡದೆ ರಸ್ತೆ ನೋಡಿದ. ಫೋನು ಹತ್ತಿದಾಗ ನಜೀಮಾಳಿಗೆ "ಸಿಕ್ಕಾಳ" ಎಂದಷ್ಟೇ ಹೇಳಿ ಇಟ್ಟ.

ಊರು ಹತ್ತಿರವಾದಾಗ ಹಿಂದಿನಿಂದ ಹುಸೇನಬಿ ಕೇಳಿದಳು. ದನಿಯಲ್ಲಿ ಈಗ ಹೆದರಿಕೆ ಇರಲಿಲ್ಲ.

"ಏ ಭಾಯ್, ನಿನಗ ತಾಯಿ ಅದಾಳೇನು?"

ಮೈನುದ್ದೀನ ತಿರುಗಲಿಲ್ಲ. "ಅದಾಳ" ಅಂದ.

"ಹಂಗಾದ್ರ ನನ್ನ ಇಳಿಸಿ ನೀ ಲಗೂ ನಿಮ್ಮ ಮನಿಗಿ ಹೋಗು. ಹೊತ್ತಾತು, ಪಾಪ, ಅಕಿ ದಾರಿ ನೋಡತಿರತಾಳ."

"ಹೋಗತೀನಿ" ಎಂದ ಮೈನುದ್ದೀನ.